ಮ್ಯೂನಿಕ್‌ನಲ್ಲಿ ಎಸಿ/ಡಿಸಿ ನೋಡಿ ಬಂದೆ, ಹೋಗುವವರಿಗೆ ಒಂದಿಷ್ಟು ವಿಷಯ

ಆಸ್ಟ್ರೇಲಿಯಾದ ರಾಕ್ ತಂಡ ಎಸಿ/ಡಿಸಿ ಭಾರತಕ್ಕೆ ಒಮ್ಮೆಯೂ ಬಂದಿಲ್ಲ. 2007ರಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು, 2011ರಲ್ಲಿ ಮೆಟಾಲಿಕಾನೂ ಅಲ್ಲೇ ನುಡಿಸಿತು. ಇವರು ಮಾತ್ರ ಬರಲೇ ಇಲ್ಲ. ಗಾಯಕ ಬ್ರಯಾನ್ ಜಾನ್ಸನ್ ಹುಟ್ಟಿದ್ದು 1947ರಲ್ಲಿ, ಗಿಟಾರಿನ ಆಂಗಸ್ ಯಂಗ್ ಹುಟ್ಟಿದ್ದು 1955ರಲ್ಲಿ. ಇಲ್ಲಿಗೆ ಬರಲಿ ಅಂತ ಇನ್ನೂ ಕಾಯುತ್ತಾ ಕೂತರೆ ಆಗಲ್ಲ, ನೋಡಬೇಕು ಅಂದ್ರೆ ನಾವೇ ಹೋಗಬೇಕು. ಹಾಗೆ ಅಂದುಕೊಂಡೇ 2024ರಲ್ಲಿ ಅವರ ಪವರ್ ಅಪ್ ಪ್ರವಾಸ ಯುರೋಪಿಗೆ ಬಂದಾಗ ಜರ್ಮನಿಯ ಮ್ಯೂನಿಕ್‌ಗೆ ಹೋದೆ.

ಮ್ಯೂನಿಕ್ ಯಾಕೆ ಅಂದರೆ ಎರಡು ಕಾರಣ. ಬೆಂಗಳೂರಿನಿಂದ ಲುಫ್ತಾನ್ಸಾದ ನೇರ ವಿಮಾನ 2023ರ ನವೆಂಬರ್‌ನಲ್ಲಿ ಶುರುವಾಗಿತ್ತು. ಮತ್ತೆ ಒಲಿಂಪಿಕ್ ಸ್ಟೇಡಿಯಮ್‌ನಲ್ಲಿ ಜೂನ್ 9 ಮತ್ತು 12, ಹೀಗೆ ಎರಡು ಕಾರ್ಯಕ್ರಮ ಇದ್ದವು. ಒಂದೇ ಊರಲ್ಲಿ ಎರಡು ದಿನ ಇದ್ದರೆ ಟಿಕೆಟ್ ಸಿಗುವ ಸಾಧ್ಯತೆ ಜಾಸ್ತಿ, ರಜೆ ಹೊಂದಿಸಿಕೊಳ್ಳುವುದೂ ಸುಲಭ. ಅಷ್ಟು ದೂರದಿಂದ ಹೋಗುವವರು ಒಂದೇ ದಿನದ ಕಾರ್ಯಕ್ರಮ ಇರುವ ಊರಿಗಿಂತ ಇಂಥ ಊರನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ.

ಇಲ್ಲಿ ಒಂದು ತೊಡಕು ಇದೆ. ಪ್ರವಾಸ ಘೋಷಣೆಯಾದದ್ದು ಫೆಬ್ರವರಿಯಲ್ಲಿ, ಟಿಕೆಟ್ ಮಾರಾಟವೂ ಅದೇ ವಾರ. ವೀಸಾ ಕೈಗೆ ಬರುವ ಎಷ್ಟೋ ಮುಂಚೆಯೇ ಟಿಕೆಟ್‌ಗೆ ದುಡ್ಡು ಕಟ್ಟಬೇಕು. ಹೆದರಬೇಡಿ, ಟಿಕೆಟ್ ಮೊದಲು ತಗೊಳ್ಳಿ. ಆದರೆ ಅದನ್ನು ಮಾರಿದ ಕಂಪನಿಯಲ್ಲೇ ಅಧಿಕೃತ ಮರುಮಾರಾಟದ ವ್ಯವಸ್ಥೆ ಇದೆಯಾ ಅಂತ ನೋಡಿಕೊಂಡು ತಗೊಳ್ಳಿ. ವೀಸಾ ಸಿಗದಿದ್ದರೆ ಅಲ್ಲೇ ವಾಪಸ್ ಮಾರಬಹುದು. ಬೇರೆ ಕಡೆ ಮೂರು ಪಟ್ಟು ಬೆಲೆಗೆ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ, ಗೇಟಿನಲ್ಲಿ ಸ್ಕ್ಯಾನ್ ಆಗದಿದ್ದರೆ ಯಾರನ್ನು ಕೇಳುತ್ತೀರಿ?

ಜರ್ಮನಿಗೂ ಯುರೋಪಿನ ಇನ್ನೂ ಹಲವು ದೇಶಗಳಿಗೂ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ರಜೆ ಹತ್ತಿರ ಬಂದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದಕ್ಕೇ ಟಿಕೆಟ್ ಸಿಕ್ಕ ವಾರವೇ ಈ ಕೆಲಸ ಶುರು ಮಾಡಿ. 2024ರ ಜೂನ್ 11ರಿಂದ ದೊಡ್ಡವರಿಗೆ ಶುಲ್ಕ 90 ಯೂರೋ ಆಗಿದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಹಲವು ದೇಶ ಸುತ್ತುವುದಾದರೆ ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು.

ಹೋಟೆಲ್ ವಿಷಯದಲ್ಲಿ ಒಂದು ಮಾತು. ಬುಕ್ ಮಾಡುವ ಮುಂಚೆ ಆ ವಾರ ಆ ಊರಲ್ಲಿ ಇನ್ನೇನು ನಡೆಯುತ್ತಿದೆ ಅಂತ ನೋಡಿ. ನಾನು ನೋಡಿದ್ದು ಜೂನ್ 12ರ ಕಾರ್ಯಕ್ರಮ, ಜೂನ್ 14ಕ್ಕೆ ಅದೇ ಮ್ಯೂನಿಕ್‌ನಲ್ಲಿ ಯುರೋ ಫುಟ್‌ಬಾಲಿನ ಮೊದಲ ಪಂದ್ಯ, ಜರ್ಮನಿ ಮತ್ತು ಸ್ಕಾಟ್ಲೆಂಡ್ ನಡುವೆ. ಮರಿಯೆನ್‌ಪ್ಲಾಟ್ಸ್ ಚೌಕದ ತುಂಬ ಕಿಲ್ಟ್ ಉಟ್ಟ ಸ್ಕಾಟಿಷ್ ಅಭಿಮಾನಿಗಳು ಹಾಡುತ್ತಾ ನಿಂತಿದ್ದರು, ನೋಡೋಕೆ ಬಲು ಚೆಂದ, ಆದರೆ ಕೋಣೆಯ ಬಾಡಿಗೆ ಕೇಳಿದರೆ ತಲೆ ತಿರುಗುತ್ತಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್‌ನಿಂದ ಇದೇ ಕಥೆ. ಆಗ ಪಕ್ಕದ ಔಗ್ಸ್‌ಬುರ್ಗ್‌ನಲ್ಲಿ ಇಳಿದುಕೊಳ್ಳುವುದು ಒಳ್ಳೆಯದು, ರಾತ್ರಿ ಹನ್ನೊಂದರ ನಂತರ ವಾಪಸ್ ರೈಲು ಇದೆಯಾ ಅಂತ ಖಾತ್ರಿ ಮಾಡಿಕೊಂಡರೆ ಸಾಕು.

ವಿಮಾನ ನಿಲ್ದಾಣದಿಂದ ಊರೊಳಗೆ ಎಸ್1 ಅಥವಾ ಎಸ್8 ರೈಲು, ಮುಕ್ಕಾಲು ಗಂಟೆ. ಯಂತ್ರದಲ್ಲಿ ತಗೊಂಡ ಕಾಗದದ ಟಿಕೆಟ್‌ಗೆ ಮುದ್ರೆ ಒತ್ತಬೇಕು ಅಂತಿದ್ದರೆ ಹತ್ತುವ ಮುಂಚೆಯೇ ಒತ್ತಿಸಿ, ಇಲ್ಲದಿದ್ದರೆ 60 ಯೂರೋ ದಂಡ. ಮತ್ತೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಸೂಪರ್‌ಮಾರ್ಕೆಟ್‌ಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ಬಹುತೇಕ ಅಂಗಡಿಗಳು ತೆರೆಯುವುದೇ ಇಲ್ಲ. ಕಾರ್ಯಕ್ರಮ ಮುಗಿಸಿ ಬಂದಾಗ ತಿನ್ನಲು ಏನಾದರೂ ಬೆಳಿಗ್ಗೆಯೇ ತಂದು ಕೋಣೆಯಲ್ಲಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಬ್ರೆಟ್ಸೆಲ್ (ಗಂಟು ಹಾಕಿದ ಆಕಾರದ ಬ್ರೆಡ್), ಫಲಾಫೆಲ್ (ಕಡಲೆಯ ವಡೆ) ಎಲ್ಲ ಕಡೆ ಸಿಗುತ್ತವೆ, ಮೊಟ್ಟೆ ತಿನ್ನುವವರಿಗೆ ಚೀಸ್ ಹಾಕಿದ ಷ್ಪೆಟ್ಸ್ಲೆ (ಮೊಟ್ಟೆ ಬೆರೆಸಿ ಮಾಡುವ ನೂಡಲ್ಸ್ ಥರದ್ದು) ಕೂಡ.

ಸ್ಟೇಡಿಯಮ್‌ಗೆ ಯು3 ಮೆಟ್ರೋ ಹಿಡಿದು ಒಲಿಂಪಿಯಾಚೆಂಟ್ರುಮ್‌ನಲ್ಲಿ ಇಳಿದು ನಡೆಯಬೇಕು. ಬಿಎಂಡಬ್ಲ್ಯು ಕಾರು ಕಂಪನಿಯ ಪ್ರದರ್ಶನ ಕಟ್ಟಡ ಬಿಎಂಡಬ್ಲ್ಯು ವೆಲ್ಟ್ ಅಲ್ಲೇ ಪಕ್ಕದಲ್ಲಿದೆ, ಪ್ರವೇಶ ಉಚಿತ, ಬೇಗ ಹೋದರೆ ನೋಡಿಕೊಳ್ಳಿ. ಬೆನ್ನಿಗೆ ಹಾಕುವ ಬ್ಯಾಗ್ ತರಲೇಬೇಡಿ. ಜರ್ಮನಿಯ ದೊಡ್ಡ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಎ4 ಕಾಗದಕ್ಕಿಂತ ದೊಡ್ಡ ಚೀಲ ಬಿಡುವುದಿಲ್ಲ. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಈ ಸ್ಟೇಡಿಯಮ್‌ನ ಗಾಜಿನಂಥ ಡೇರೆ ಚಾವಣಿ ತುಂಬ ಹೆಸರುವಾಸಿ, ಆದರೆ ಅದು ಒಂದು ಬದಿಯ ಆಸನಗಳನ್ನಷ್ಟೇ ಮುಚ್ಚುತ್ತದೆ. ನಿಲ್ಲುವ ಟಿಕೆಟ್ ಇದ್ದವರು ಮಳೆ ಬಂದರೆ ನೆನೆಯುವುದೇ. ಕೊಡೆಗೂ ಒಳಗೆ ಬಿಡುವುದಿಲ್ಲ, ತೆಳ್ಳಗಿನ ರೇನ್‌ಕೋಟ್ ಜೇಬಿನಲ್ಲಿರಲಿ. ಜೂನ್ ಆದರೂ ರಾತ್ರಿ ಚಳಿ ಇರುತ್ತದೆ.

ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಇದನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಇದೇ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ನಡುವೆಯೇ ನಿಲ್ಲಿಸಬೇಕಾಯಿತು. ಮುಂದುವರಿಸಿದರೆ ಕಿವಿ ಪೂರ್ತಿ ಹೋಗುತ್ತದೆ ಅಂತ ವೈದ್ಯರು ಹೇಳಿದ್ದರು, ಉಳಿದ ಕಾರ್ಯಕ್ರಮಗಳನ್ನು ಗನ್ಸ್ ಎನ್ ರೋಸಸ್ ತಂಡದ ಗಾಯಕ ಆಕ್ಸಲ್ ರೋಸ್ ಹಾಡಿದರು. ಆಮೇಲೆ ಕಿವಿಯೊಳಗೆ ಇಡುವ ಹೊಸ ಸಾಧನದ ಸಹಾಯದಿಂದ ಬ್ರಯಾನ್ ಮತ್ತೆ ವೇದಿಕೆಗೆ ಬಂದರು. ನಮ್ಮ ಅಕ್ಕಪಕ್ಕ ಅಪ್ಪ ಅಮ್ಮನ ಜೊತೆ ಬಂದಿದ್ದ ಪುಟ್ಟ ಮಕ್ಕಳೆಲ್ಲರ ಕಿವಿಗೂ ದಪ್ಪ ಇಯರ್‌ಮಫ್ ಇತ್ತು. ನಮ್ಮಲ್ಲೂ ಈ ಅಭ್ಯಾಸ ಬರಬೇಕು ಅಲ್ವಾ?

ವೇದಿಕೆಯ ಮುಂದಿನ ದುಬಾರಿ ಜಾಗ ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಬೇಡ. ಅಲ್ಲಿ ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ, ನೀರು ಶೌಚಾಲಯ ಎಲ್ಲ ಮರೆತುಬಿಡಬೇಕು. ಇವರ ಕಾರ್ಯಕ್ರಮ ದೂರದಿಂದ ನೋಡಲೆಂದೇ ಮಾಡಿದ್ದು. ಮೇಲಿನಿಂದ ಇಳಿಯುವ ದೊಡ್ಡ ಗಂಟೆ, ಕೊನೆಯ ಹಾಡಿಗೆ ಗುಡುಗುವ ಫಿರಂಗಿಗಳು, ಕತ್ತಲಾದ ಮೇಲೆ ಸಾವಿರಾರು ಅಭಿಮಾನಿಗಳ ತಲೆಯ ಮೇಲೆ ಕೆಂಪಗೆ ಮಿನುಗುವ ಆಟಿಕೆ ಕೊಂಬುಗಳು, ಇವೆಲ್ಲ ಸ್ವಲ್ಪ ಹಿಂದೆ ನಿಂತರೇ ಕಾಣುವುದು. ಅಂದಹಾಗೆ, ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಕಳೆದ ಮೇಲೆ, ಮೊದಲ ಹಾಡುಗಳನ್ನೆಲ್ಲ ಹಗಲು ಬೆಳಕಲ್ಲೇ ನೋಡುತ್ತೀರಿ.

ಬ್ರಯಾನ್ ದನಿ ಮೊದಲಿನ ಹಾಗಿಲ್ಲ. ಎತ್ತರದ ಸ್ವರಗಳಲ್ಲಿ ಒಡೆಯುತ್ತದೆ, ಕೆಲವು ಸಾಲು ಅಭಿಮಾನಿಗಳೇ ತುಂಬಿಸುತ್ತಾರೆ. ಆಂಗಸ್ ಅವರ ಅಣ್ಣ, ತಂಡದ ರಿದಮ್ ಗಿಟಾರ್ ನುಡಿಸುತ್ತಿದ್ದ ಮ್ಯಾಲ್ಕಮ್ ಯಂಗ್ 2017ರಲ್ಲಿ ತೀರಿಕೊಂಡರು, ಅವರ ಜಾಗದಲ್ಲಿ ನಿಂತು ನುಡಿಸುವವರು ಇನ್ನೊಬ್ಬ ಅಣ್ಣನ ಮಗ ಸ್ಟೀವಿ ಯಂಗ್. ಕಣ್ಣು ಮುಚ್ಚಿ ಕೇಳಿದರೆ ಆ ಬಲಗೈ ಮ್ಯಾಲ್ಕಮ್‌ದೇ ಅನ್ನಿಸುತ್ತದೆ, ನನಗೆ ಗಂಟಲು ಕಟ್ಟಿತು. ಡ್ರಮ್ಸ್‌ಗೆ ಮ್ಯಾಟ್ ಲಾಗ್, ಬೇಸ್‌ಗೆ ಕ್ರಿಸ್ ಚೇನಿ, ಇಬ್ಬರೂ ಹೊಸಬರು, ಇಬ್ಬರೂ ಸುಮ್ನೆ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದರು. ಮತ್ತೆ ಆಂಗಸ್. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಶಾಲೆಯ ಸಮವಸ್ತ್ರ ಹಾಕಿಕೊಂಡು, ಕೊನೆಯ ಕಡೆ ಒಬ್ಬರೇ ನಿಂತು ಹತ್ತು ನಿಮಿಷಕ್ಕೂ ಜಾಸ್ತಿ ಗಿಟಾರ್ ಬಾರಿಸುತ್ತಾರೆ, ಬೆವರಿನಲ್ಲಿ ತೊಯ್ದುಹೋಗುತ್ತಾರೆ, ಆದರೂ ನಿಲ್ಲಿಸುವುದಿಲ್ಲ. ಅಷ್ಟು ಹೊತ್ತು ಫೋನ್ ಜೇಬಿನಲ್ಲಿರಲಿ.

ಮುಗಿದ ತಕ್ಷಣ ಎಲ್ಲರೂ ಒಲಿಂಪಿಯಾಚೆಂಟ್ರುಮ್ ಕಡೆಗೇ ನುಗ್ಗುತ್ತಾರೆ. ನೀವು ಊರಿನ ದಿಕ್ಕಿನ ಮುಂದಿನ ನಿಲ್ದಾಣ ಪೆಟುಯೆಲ್‌ರಿಂಗ್‌ಗೋ, ಎದುರು ದಿಕ್ಕಿನ ಓಬರ್‌ವೀಸೆನ್‌ಫೆಲ್ಡ್‌ಗೋ ನಡೆದುಬಿಡಿ. ಎರಡನೆಯದರಲ್ಲಿ ಹತ್ತಿದರೆ ಜನ ತುಂಬುವ ಮುಂಚೆಯೇ ಸೀಟು ಸಿಗುತ್ತದೆ.

ಇನ್ನು ಜರ್ಮನಿಯಲ್ಲೇ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡದವರಿಗೆ. ಟಿಕೆಟ್ ಸಿಗಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಸ್ಟೇಡಿಯಮ್ ಪಕ್ಕದಲ್ಲೇ ಒಲಿಂಪಿಯಾಬೆರ್ಗ್ ಅನ್ನುವ ಗುಡ್ಡ ಇದೆ, ಎರಡನೇ ಮಹಾಯುದ್ಧದಲ್ಲಿ ಉರುಳಿದ ಕಟ್ಟಡಗಳ ಅವಶೇಷ ರಾಶಿ ಹಾಕಿ ಆದದ್ದು. 2024ರ ಜುಲೈನಲ್ಲಿ ಟೇಲರ್ ಸ್ವಿಫ್ಟ್ ಬಂದಾಗ ಸಾವಿರಾರು ಜನ ಅಲ್ಲೇ ಕೂತು ಪುಕ್ಕಟೆ ಕೇಳಿದರು. ವೇದಿಕೆ ಪೂರ್ತಿ ಕಾಣದಿದ್ದರೂ ಸದ್ದು ಚೆನ್ನಾಗಿ ಬರುತ್ತದೆ. ಕೂರಲು ಒಂದು ದಪ್ಪ ಬಟ್ಟೆ, ಕುಡಿಯಲು ನೀರು ತಗೊಂಡು ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಿರಿ.