ಕನ್ನಡಿಯ ಬಿಸಿಲಿನಲ್ಲಿ ಸಂಕ್ರಾಂತಿ

ಬಿಸಿಲೇ ಬೀಳದ ಊರಿನಲ್ಲಿ ಸೂರ್ಯನ ಹಬ್ಬ ಮಾಡುವುದು ಸ್ವಲ್ಪ ತಮಾಷೆಯ ಕೆಲಸವೇ. ನಾರ್ವೆಯ ರ್ಯೂಕನ್ ಇರುವುದು ಕಡಿದಾದ ಕಣಿವೆಯ ತಳದಲ್ಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ನೇರ ಬಿಸಿಲು ಇಲ್ಲಿಗೆ ಇಳಿಯುವುದಿಲ್ಲ. ಮೇಲೆ ಆಕಾಶ ನೀಲಿ, ಬೆಟ್ಟದ ನೆತ್ತಿ ಫಳಫಳ. ನಾವು ಮಾತ್ರ ನೆರಳಿನಲ್ಲಿ. ನನ್ನ ಪಾಂಡವಪುರದಲ್ಲಿ ಜನವರಿಯ ಮಂಜು ಸರಿದರೆ ಸಾಕು, ಬೆನ್ನು ಚುರುಗುಟ್ಟುತ್ತದೆ.

ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ನಾಲ್ಕೂವರೆ ಗಂಟೆಯ ಅಂತರ. ಬೇಸಿಗೆಯಲ್ಲಿ ಇಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ಮೂರೂವರೆಯಾಗುತ್ತದೆ. ಅಮ್ಮನಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ‘ಹೊತ್ತನ್ನೂ ಸರ್ಕಾರವೇ ತಿರುಗಿಸುವುದೇನೋ?’ ಎನ್ನುತ್ತಾರೆ. ಸಂಕ್ರಮಣಕ್ಕಾದರೆ ಯಾವ ಸರ್ಕಾರದ ಹಂಗೂ ಇಲ್ಲ, ಭೂಮಿಗೆಲ್ಲ ಅದು ಒಂದೇ ಕ್ಷಣ. 2025ರಲ್ಲಿ ದೃಗ್ಗಣಿತ ಪಂಚಾಂಗದ ಪ್ರಕಾರ ಜನವರಿ 14ರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸೂರ್ಯ ಮಕರಕ್ಕೆ ಬಂದ. ಅಮ್ಮ ಆಗ ಪೊಂಗಲ್ ಇಳಿಸುತ್ತಿದ್ದರು. ಇಲ್ಲಿ ನಸುಕಿನ ನಾಲ್ಕೂವರೆ, ಹೊರಗೆ ಕಗ್ಗತ್ತಲು.

ಎಳ್ಳು ಬೆಲ್ಲದ ತಯಾರಿ ಮಾತ್ರ ಊರಿಗಿಂತ ಇಲ್ಲಿಯೇ ಸುಲಭ. ಊರಿನಲ್ಲಿ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಹೆಚ್ಚಿದ ಕೊಬ್ಬರಿ ಮತ್ತು ಬೆಲ್ಲವನ್ನು ಮಹಡಿಯ ಮೇಲೆ ಬಟ್ಟೆ ಹಾಸಿ ಒಣಗಿಸಬೇಕು. ಕಾಗೆ ಕಾಯಲು ಒಬ್ಬರು ಕೂರಲೇಬೇಕು. ಇಲ್ಲಿ ಹೀಟರ್ ಉರಿಯುವ ಮನೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ, ರಾತ್ರಿ ತಟ್ಟೆಯಲ್ಲಿ ಹರವಿಟ್ಟ ಕೊಬ್ಬರಿಯ ಚೂರುಗಳು ಬೆಳಗಾಗುವುದರಲ್ಲಿ ಗಲಗಲ ಎನ್ನುತ್ತವೆ. ಸೂರ್ಯನ ಹಬ್ಬಕ್ಕೆ ಸೂರ್ಯನೇ ಬೇಕಾಗಲಿಲ್ಲ. ಕಬ್ಬಿನ ಜಲ್ಲೆ ಇಲ್ಲ, ಸಕ್ಕರೆ ಅಚ್ಚು ಊರಿನಿಂದ ಬರುವಾಗಲೇ ಮುರಿದಿತ್ತು.

ಈ ಊರು ಹುಟ್ಟಿದ್ದೇ ಗೊಬ್ಬರಕ್ಕಾಗಿ. ಜಲಪಾತದ ವಿದ್ಯುತ್ತಿನಿಂದ ಗಾಳಿಯ ಸಾರಜನಕವನ್ನು ಹಿಡಿದು ರಸಗೊಬ್ಬರ ಮಾಡಲು ನಾರ್ಸ್ಕ್ ಹೈಡ್ರೋ ಕಂಪನಿ ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿತು. ಕಬ್ಬು ಬೆಳೆಯುವ ಅಪ್ಪನಿಗೆ ರ್ಯೂಕನ್ ಬಗ್ಗೆ ಹಿಡಿಸಿದ ಸಂಗತಿ ಇದೊಂದೇ. ಬಿಸಿಲಿಲ್ಲದೆ ಸೊರಗುವ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯಲು ಅದೇ ಕಂಪನಿ 1928ರಲ್ಲಿ ತೂಗುಬಂಡಿಯನ್ನೂ ಹಾಕಿಸಿತು. 2013ರಲ್ಲಿ ಬಿಸಿಲನ್ನೇ ಕೆಳಗಿಳಿಸಿದರು: ಸುಮಾರು 450 ಮೀಟರ್ ಎತ್ತರದಲ್ಲಿ ನಿಲ್ಲಿಸಿದ ಮೂರು ದೊಡ್ಡ ಕನ್ನಡಿಗಳು ಕಂಪ್ಯೂಟರಿನ ಲೆಕ್ಕದಂತೆ ಹೊರಳುತ್ತಾ ಊರಿನ ಚೌಕಕ್ಕೆ ಬೆಳಕು ಎಸೆಯುತ್ತವೆ. ಆ ಬೆಳಕಿನಲ್ಲಿ ನಿಂತವರಿಗೆ ಉದ್ದನೆಯ ನೆರಳೂ ಉಂಟು. ನಾನು ಸೂರ್ಯನಿಗೆ ಕೈಮುಗಿದದ್ದು ಅಲ್ಲಿಯೇ, ಬೆಟ್ಟದ ಕಡೆ ತಿರುಗಿ. ಶಾಸ್ತ್ರ ಏನೆನ್ನುತ್ತದೋ, ನನಗಂತೂ ಸಮಾಧಾನವಾಯಿತು.

ಮಧ್ಯಾಹ್ನ ಎರಡಕ್ಕೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ಕಿಚ್ಚು ಹಾಯಿಸುವುದನ್ನು ನೋಡಿದೆ. ಅಲ್ಲಿ ಆರೂವರೆ, ಕತ್ತಲು ಕವಿಯುತ್ತಿತ್ತು. ಅರಿಶಿನ ಬಳಿದ ನಮ್ಮ ಎತ್ತು ಹುಲ್ಲಿನ ಉರಿಯ ಮುಂದೆ ಕಾಲೂರಿ ನಿಂತುಬಿಟ್ಟಿತು. ಅಪ್ಪ ಹಗ್ಗ ಜಗ್ಗಿದರು, ಯಾರೋ ಹಿಂದಿನಿಂದ ಕೂಗಿದರು, ಆಮೇಲೆ ಪರದೆಯ ತುಂಬ ಹೊಗೆ.

ಸಂಜೆ ಪಕ್ಕದ ಮನೆಯ ಅಜ್ಜಿಗೆ ಎಳ್ಳು ಬೀರಲು ಹೋದೆ. ಇಲ್ಲಿನವರಿಗೆ ಕ್ರಿಸ್ಮಸ್ ಮುಗಿಯುವುದು ಇಪ್ಪತ್ತನೆಯ ದಿನಕ್ಕೆ, ಅಂದರೆ ಜನವರಿ 13ಕ್ಕೆ. ಅವರ ಒಣ ಮರ ಬಾಗಿಲ ಬಳಿ ಬಿದ್ದಿತ್ತು. ಪೊಟ್ಟಣ ಬಿಚ್ಚಿ, ‘ಹಕ್ಕಿಗಳಿಗೋ?’ ಎಂದು ಕೇಳಿದರು. ಮನುಷ್ಯರಿಗೇ, ತಿಂದು ಒಳ್ಳೆಯ ಮಾತನಾಡಬೇಕು ಎಂದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಮಾರ್ಚಿನಲ್ಲಿ ಸೂರ್ಯ ಮರಳಿದಾಗ ಊರಿಗೆಲ್ಲ ಸೂರ್ಯೋತ್ಸವವಿದೆ, ಆಗಲೂ ಇದನ್ನು ಮಾಡು, ಆ ಬಿಳಿಯ ಚೂರುಗಳನ್ನು ಮಾತ್ರ ಇನ್ನೂ ಸಣ್ಣಗೆ ಹೆಚ್ಚು ಎಂದರು. ಹಲ್ಲು ಸರಿಯಿಲ್ಲವಂತೆ.