ಮೊದಲ ಮೇ ದಿನದ ಮರಳ ಮೇಲೆ

ಮದ್ರಾಸಿಗೆ ಹೋದವರು ಮರೀನಾ ನೋಡದೆ ಬರೋದಿಲ್ಲ. ಈ ಸಲ ನಾನು ಹೋಗಿದ್ದು ಮಾತ್ರ ಕಾರ್ಮಿಕ ನಾಯಕ ಸಿಂಗಾರವೇಲರ್ ಓಡಾಡಿದ ಜಾಗಗಳನ್ನು ನೋಡೋಕೆ. ನಮ್ಮ ದೇಶದಲ್ಲಿ ಮೊದಲ ಮೇ ದಿನ ಆಚರಿಸಿದವರು ಅವರೇ.

ಬೀಚ್ ರಸ್ತೆಗೆ ಅಂಟಿಕೊಂಡೇ ಅಯೋಧ್ಯಾಕುಪ್ಪಂ ಇದೆ. ಮೀನುಗಾರರ ಕೇರಿ. ಇಕ್ಕಟ್ಟು ಬೀದಿ, ಬಾಗಿಲ ಮುಂದೆ ಬಲೆಗಳ ರಾಶಿ, ಗಾಳಿ ತುಂಬ ಮೀನಿನ ವಾಸನೆ. 1860ರಲ್ಲಿ ಸಿಂಗಾರವೇಲರ್ ಹುಟ್ಟಿದ್ದು ಇಲ್ಲಿನ ಮೀನುಗಾರ ಕುಟುಂಬದಲ್ಲಿ. ಓದಿ ವಕೀಲರಾದರು. ಅಸಹಕಾರ ಚಳವಳಿ ಬಂದಾಗ ಗೌನು ಸುಟ್ಟು ಕೋರ್ಟು ಬಿಟ್ಟರು. ಪೆರಂಬೂರಿನ ಬಿನ್ನಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಜೊತೆ ನಿಂತರು. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲು ಗೊತ್ತಲ್ವಾ, ಅದೇ ಕಂಪನಿ.

1923ರ ಮೇ 1ರಂದು ಈ ಊರಲ್ಲಿ ಸಿಂಗಾರವೇಲರ್ ಮೇ ದಿನದ ಎರಡು ಸಭೆ ನಡೆಸಿದರು. ಒಂದು ಟ್ರಿಪ್ಲಿಕೇನ್ ಬೀಚಿನಲ್ಲಿ, ಇನ್ನೊಂದು ಹೈಕೋರ್ಟ್ ಎದುರಿನ ತೀರದಲ್ಲಿ. ಕೆಂಪು ಬಾವುಟ ಹಾರಿತು. ಮೇ ಒಂದಕ್ಕೆ ರಜೆ ಕೊಡಿ ಅಂತ ಅವತ್ತೇ ಕೇಳಿದರು. ಆಗ ಅವರಿಗೆ 63 ವರ್ಷ. ಮನೆಯಲ್ಲಿ ಆರಾಮಾಗಿ ಕೂರಬಹುದಾದ ವಯಸ್ಸು. ಅವರು ಹೊಸ ಪಕ್ಷ ಕಟ್ಟಿದರು, ಕಾರ್ಮಿಕರದ್ದು, ರೈತರದ್ದು.

ಮರೀನಾದಲ್ಲಿ 'ಶ್ರಮದ ವಿಜಯ' ಶಿಲ್ಪದ ಮುಂದೆ ತುಂಬಾ ಹೊತ್ತು ನಿಂತೆ. ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ್ದು, 1959ರಲ್ಲಿ ನಿಲ್ಲಿಸಿದ್ದು. ನಾಲ್ವರು ಕೂಲಿಗಳು ಸನ್ನೆಗೋಲು ಹಾಕಿ ಬಂಡೆ ಎಬ್ಬಿಸುತ್ತಿದ್ದಾರೆ. ಹತ್ತಿರ ಹೋಗಿ ನೋಡಿ. ಬೆನ್ನು ಬಿಲ್ಲಿನಂತೆ ಬಾಗಿದೆ, ಕಾಲಿನ ನರ ಉಬ್ಬಿವೆ. ಬಂಡೆ ಇನ್ನೂ ಮಿಸುಕಿಲ್ಲ, ಆದರೆ ಒಬ್ಬನೂ ಕೈ ಬಿಟ್ಟಿಲ್ಲ. ನನಗೆ ಗಂಟಲು ಕಟ್ಟಿತು.

1928ರ ದಕ್ಷಿಣ ಭಾರತ ರೈಲ್ವೆ ಮುಷ್ಕರದ ಹೊತ್ತಿಗೆ ಸಿಂಗಾರವೇಲರ್‌ಗೆ 68. ಸಾವಿರಾರು ಜನರ ಕೆಲಸ ಹೋಗುವುದರಲ್ಲಿತ್ತು. ಕಾರ್ಮಿಕರ ಪರ ನಿಂತ ತಪ್ಪಿಗೆ ಅವರನ್ನು ಜೈಲಿಗೆ ಹಾಕಿದರು. ಆ ವಯಸ್ಸಿನಲ್ಲಿ ಜೈಲು ಅಂದರೆ ಸುಮ್ನೆ ಅಲ್ಲ. 1930ರಲ್ಲಿ ಹೊರಗೆ ಬಂದರು, 1946ರಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಬರೋಕೆ ಒಂದೂವರೆ ವರ್ಷ ಬಾಕಿ ಇತ್ತು.

ಮಧ್ಯಾಹ್ನ ಬಸ್ಸು ಹಿಡಿದು ಹೈಕೋರ್ಟ್ ಕಡೆ ಹೋದೆ. ಆ ತೀರ ಈಗ ಕಾಣೋದಿಲ್ಲ, ಬರೀ ಬಂದರಿನ ಕಾಂಪೌಂಡು, ವಾಹನಗಳ ಸಾಲು. ಅಲ್ಲೇ ರಾಜಾಜಿ ಸಾಲೈ ಅನ್ನೋ ರಸ್ತೆಯಲ್ಲಿ ಕಲೆಕ್ಟರ್ ಕಚೇರಿ ಇದೆ. ಅದರ ಹೆಸರು ಸಿಂಗಾರವೇಲರ್ ಮಾಳಿಗೈ, ಅಂದರೆ ಸಿಂಗಾರವೇಲರ್ ಭವನ. ಅರ್ಜಿ ಹಿಡಿದ ಜನ ಒಳಗೆ ಹೋಗುತ್ತಿದ್ದರು. ಈ ಹೆಸರು ಸರಿಯಾದ ಬಾಗಿಲಿಗೇ ಬಂದಿದೆ ಅನ್ನಿಸಿತು.