ಕತ್ತಲೆ ನಂದು

ಈ ವಾರ ನಮ್ಮ ಹವ್ಯಾಸಿ ನಾಟಕ ತಂಡದ ಲೈಟಿಂಗ್ ತಾಲೀಮಿನ ನಡುವೆ, ಹೊಸದಾಗಿ ಸೇರಿದ ಹುಡುಗಿ ತಂಡದ ಹಿರಿಯರೊಬ್ಬರನ್ನು ಕೇಳಿದಳು: "ಸರ್, ಈ ನಾಟಕದಲ್ಲಿ ನಿಮ್ಮದು ಯಾವ ಪಾತ್ರ?"

ಅವರು ಮಂಡಿಯೂರಿ ಕೂತು ಟೇಪು ಹರಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಪಾತ್ರ ಇಲ್ಲಮ್ಮ. ಕತ್ತಲೆ ನಂದು."

ಹುಡುಗಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ನಾಯಕ ನಟನಿಗೂ ಆಗಲಿಲ್ಲ ಅನ್ನಿಸುತ್ತದೆ. ಅವನು ಒಳ್ಳೆಯ ನಟ, ಆದರೆ ತಾನು ಎದ್ದು ಹೋದ ಮೇಲೆ ಕುರ್ಚಿ ಏನಾಗುತ್ತದೆ ಎಂದು ಯೋಚಿಸಿದವನಲ್ಲ. ಆ ಮಾತು ಮಾತ್ರ ನನ್ನ ಕಿವಿಯಿಂದ ಹೋಗುತ್ತಿಲ್ಲ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕತ್ತಲೆ ಹವ್ಯಾಸಿ ನಾಟಕಗಳಲ್ಲಿ ಯಾರದ್ದೂ ಅಲ್ಲ. ನಿರ್ದೇಶಕರು ತಾಲೀಮಿನಲ್ಲಿ "ಇಲ್ಲಿ ಬ್ಲ್ಯಾಕೌಟ್", ಅಂದರೆ ಎಲ್ಲ ದೀಪ ಆರಲಿ, ಎಂದು ಹೇಳಿ ಮುಂದಿನ ದೃಶ್ಯಕ್ಕೆ ಹಾರುತ್ತಾರೆ. ಪ್ರದರ್ಶನದ ದಿನ ಆ ಒಂದು ಪದದೊಳಗೆ ಆರು ಜನ, ಒಂದು ಮೇಜು, ನಾಲ್ಕು ಕುರ್ಚಿ, ಒಂದು ಲೆವೆಲ್ (ನಟರು ಹತ್ತಿ ನಿಲ್ಲುವ ಎತ್ತರದ ಪೀಠ) ಸಿಕ್ಕಿಹಾಕಿಕೊಳ್ಳುತ್ತವೆ.

ಹತ್ತು ಸೆಕೆಂಡಿನ ಕತ್ತಲೆಯನ್ನು ಪ್ರೇಕ್ಷಕರು ಸಹಜವಾಗಿ ಒಪ್ಪುತ್ತಾರೆ. ಇಪ್ಪತ್ತು ದಾಟಿದರೆ ಪಿಸುಮಾತು, ಆಮೇಲೆ ಮೊಬೈಲ್ ಬೆಳಕು. ಅಷ್ಟು ಹೊತ್ತು ನಟರು ಕಟ್ಟಿದ್ದು ಸಡಿಲವಾಗುವುದು ಅಲ್ಲೇ. ಮತ್ತೆ ಬಿಗಿ ತರಲು ಮುಂದಿನ ದೃಶ್ಯದ ಮೊದಲ ಒಂದೆರಡು ನಿಮಿಷ ಬಲಿಯಾಗುತ್ತವೆ. ಈ ವಾರ ಎರಡನೇ ದೃಶ್ಯ ಬದಲಾವಣೆಗೆ ಮೊದಲು ಹಿಡಿದದ್ದು ನಲವತ್ತೆಂಟು ಸೆಕೆಂಡು. ಹಿರಿಯರು ಯಾರನ್ನೂ ಬೈಯಲಿಲ್ಲ. ಪೂರ್ತಿ ಬೆಳಕು ಹಾಕಿಸಿ, ಅದೇ ಬದಲಾವಣೆಯನ್ನು ನಿಧಾನವಾಗಿ ನಡೆಸಿದರು. ಆಮೇಲೆ ಮಬ್ಬಿನಲ್ಲಿ, ಕೊನೆಗೆ ಕತ್ತಲೆಯಲ್ಲಿ. ಈ ಕ್ರಮ ತಪ್ಪಬಾರದು. ಬೆಳಕಿನಲ್ಲಿ ಕಾಲಿಗೆ ದಾರಿ ಗೊತ್ತಾಗದೆ ಕತ್ತಲೆಯಲ್ಲಿ ಗೊತ್ತಾಗುವುದಿಲ್ಲ.

ಡಿಕ್ಕಿ ಆಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಟರು ಹೊರಗೆ ಬರುವ ವಿಂಗ್‌ನಿಂದಲೇ, ಅಂದರೆ ವೇದಿಕೆಯ ಪಕ್ಕದ ಮರೆಯಿಂದಲೇ, ಸಾಮಾನು ಹೊತ್ತವರು ಒಳಗೆ ನುಗ್ಗುತ್ತಾರೆ. ಹೋಗುವ ದಾರಿ, ಬರುವ ದಾರಿ ಬೇರೆಯಾಗಬೇಕು. ಹಾಗೆ ಮಾಡಲಾಗದ ಸಣ್ಣ ವೇದಿಕೆಯಲ್ಲಿ ಮೊದಲು ನಟರು ಹೊರಗೆ, ಕೊನೆಯವರು ಸಾಮಾನು ಹಿಡಿದು ಕಾಯುತ್ತಿರುವವರ ಭುಜ ಮುಟ್ಟಬೇಕು, ಆಮೇಲೆ ಸಾಮಾನು ಒಳಗೆ. ಬರಿಗೈಯಲ್ಲಿ ಹೋಗಬಾರದು, ಬರಿಗೈಯಲ್ಲಿ ಬರಬಾರದು. ಮೇಜು ಇಡಲು ಹೋದವರು ಹಿಂದಿನ ದೃಶ್ಯದ ಕುರ್ಚಿಯೊಂದಿಗೇ ಹಿಂತಿರುಗಿದರೆ ಓಡಾಟ ಅರ್ಧಕ್ಕೆ ಇಳಿಯುತ್ತದೆ. ಲೆವೆಲ್ ಇಬ್ಬರೇ ಎತ್ತುವುದು. ಹಿಮ್ಮುಖವಾಗಿ ನಡೆಯುವವರು ಹೇಳಿದಂತೆ ಇನ್ನೊಬ್ಬರು ನಡೆಯಬೇಕು, ಏಕೆಂದರೆ ಬೀಳುವವರು ಅವರೇ.

ಇನ್ನು ಟೇಪು. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪಿನ ಗುರುತು ಹಾಕುವವರಿದ್ದಾರೆ, ಅದು ಬೇಡ. ಹಿಂದಿನ ಎರಡು ಕಾಲಿಗೆ ಮೂಲೆಯಾಕಾರದ ಸಣ್ಣ ಗುರುತು ಸಾಕು. ಅದು ಪ್ರೇಕ್ಷಕರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ, ಕುರ್ಚಿ ಯಾವ ಕಡೆ ಮುಖ ಮಾಡಬೇಕು ಎನ್ನುವುದೂ ತಿಳಿಯುತ್ತದೆ. ಒಂದೊಂದು ದೃಶ್ಯಕ್ಕೆ ಒಂದೊಂದು ಬಣ್ಣ. ಕತ್ತಲೆಯಲ್ಲಿ ಹೊಳೆಯುವ ಟೇಪನ್ನು ಬೆರಳಿನ ಉಗುರಿನಷ್ಟು ಕತ್ತರಿಸಿ ಲೆವೆಲ್ಲಿನ ಮೂಲೆಗೆ, ಮೆಟ್ಟಿಲಿನ ಅಂಚಿಗೆ, ವಿಂಗ್ ಶುರುವಾಗುವಲ್ಲಿಗೆ ಅಂಟಿಸಬೇಕು. ಹೆಚ್ಚಾದರೆ ಯಾವ ಚುಕ್ಕಿ ಯಾವುದರದ್ದು ಎಂದೇ ತಿಳಿಯುವುದಿಲ್ಲ. ಅದು ಬೆಳಕು ಕುಡಿದೇ ಹೊಳೆಯುವ ವಸ್ತು. ಹಿಂದಿನ ದೃಶ್ಯದುದ್ದಕ್ಕೂ ಜಮಖಾನದ ಅಡಿಯಲ್ಲೋ ಮೇಜಿನ ನೆರಳಿನಲ್ಲೋ ಇದ್ದ ಚೂರು ಬೇಕಾದಾಗ ಸತ್ತಿರುತ್ತದೆ. ಹಿರಿಯರು ನಾಟಕ ಶುರುವಾಗುವ ಮೂರನೇ ಬೆಲ್‌ಗೆ ಮೊದಲು ಅಂಥ ಚೂರುಗಳಿಗೆ ಟಾರ್ಚ್ ಹಿಡಿದು ಬರುತ್ತಾರೆ. ಇದನ್ನು ಅವರಿಗೆ ಯಾರೂ ವಹಿಸಿದ್ದಲ್ಲ.

"ಕತ್ತಲೆ ನಂದು." ಅದರಲ್ಲಿ ಜಂಬವಿರಲಿಲ್ಲ, ಬೇಸರವೂ ಇರಲಿಲ್ಲ. ಹೊಲ ಯಾರದ್ದು ಎಂದು ಕೇಳಿದಾಗ ರೈತ ಹೇಳುವ ಹಾಗಿತ್ತು.

ಹಳೆಯ ಸಾವಿರ ವ್ಯಾಟ್‌ನ ಪಾರ್ ಎಂಬ ರಂಗದೀಪಗಳಿಗೆ ಒಂದು ಉಪಕಾರ ಗುಣವಿತ್ತು. ಆರಿಸಿದ ಮೇಲೂ ತಂತಿ ಕೆಂಪಗೆ ಒಂದು ಕ್ಷಣ ಉಸಿರಾಡುತ್ತಿತ್ತು, ನಟ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟಿರುತ್ತಿದ್ದ. ಎಲ್‌ಇಡಿ ಹಾಗಲ್ಲ, ತಟ್ಟನೆ ಇಲ್ಲವಾಗುತ್ತದೆ. ಅಗ್ಗದ ಎಲ್‌ಇಡಿಗಳು ನಿಧಾನವಾಗಿ ಇಳಿಸಿದರೂ ಕೊನೆಯಲ್ಲಿ ಜಿಗಿದು ಆರುತ್ತವೆ. ಅದಕ್ಕೇ ದೀಪದ ಆಪರೇಟರ್‌ಗೆ ಬರೀ "ಕಟ್" ಎಂದರೆ ಸಾಲದು. ಕಥೆ ಹಠಾತ್ ಕತ್ತಲೆಯನ್ನೇ ಬೇಡುತ್ತಿಲ್ಲವಾದರೆ ಎರಡು ಮೂರು ಸೆಕೆಂಡಿನ ಇಳಿಕೆ ಬರೆಸಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಮಗೆ ಸಿಗುವುದು ಹತ್ತು ಸೆಕೆಂಡು. ಹಾಗಾಗಿ ವಿಂಗ್‌ನಲ್ಲಿ ಕಾಯುವವರು ವೇದಿಕೆಯ ದೀಪದ ಕಡೆ ನೋಡಬಾರದು, ಮೊಬೈಲ್ ತೆಗೆಯಲೇಬಾರದು. ಕ್ಯೂ, ಅಂದರೆ ಒಳಹೋಗುವ ಸೂಚನೆ, ಹತ್ತಿರವಾದಾಗ ಒಂದು ಕಣ್ಣು ಮುಚ್ಚಿಕೊಂಡಿದ್ದು, ದೀಪ ಆರಿದೊಡನೆ ತೆರೆದರೆ ಆ ಕಣ್ಣಿಗೆ ಅಂಚುಗಳು ಕಾಣುತ್ತವೆ. ಹುಡುಗಿಗೆ ಅವರು ಮೊದಲು ಹೇಳಿಕೊಟ್ಟದ್ದು ಇದನ್ನೇ. ಬಳೆ, ಕೈಗಡಿಯಾರ, ಜೇಬಿನ ಕೀಲಿಗೊಂಚಲು ತೆಗೆದಿಡುವ ಪಾಠ ಆಮೇಲೆ ಬಂತು.

ಕತ್ತಲೆ ನಾಟಕಕ್ಕೆ ಮೊದಲಿನಿಂದ ಇದ್ದದ್ದಲ್ಲ. ಶತಮಾನಗಳ ಕಾಲ ಜನ ಹಗಲಲ್ಲೋ, ಎಲ್ಲರಿಗೂ ಎಲ್ಲರೂ ಕಾಣುವ ದೀಪದಲ್ಲೋ ನಾಟಕ ನೋಡಿದರು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಒಪೆರಾ ಸಂಗೀತಕಾರ ವಾಗ್ನರ್ ಪ್ರೇಕ್ಷಾಂಗಣದ ದೀಪ ಇಳಿಸಿದ್ದು ಆಗ ದೊಡ್ಡ ಸುದ್ದಿ. 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರಕ್ಕೆ ವಿದ್ಯುತ್ ದೀಪ ಬಂತು. ಗುಂಡಿಯೊತ್ತಿ ಬೆಳಕನ್ನು ಇಲ್ಲವಾಗಿಸುವ ಅನುಕೂಲ ಆಮೇಲಿನದು. ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯಲ್ಲಿ ಕತ್ತಲೆಯ ಅಗತ್ಯವೇ ಇಲ್ಲ. ಕಪ್ಪು ಬಟ್ಟೆಯ ಕುರೊಗೊಗಳು ಎಲ್ಲರೆದುರೇ ಸಾಮಾನು ಸರಿಸುತ್ತಾರೆ, ಪ್ರೇಕ್ಷಕರು ಅವರನ್ನು ಇಲ್ಲವೆಂದೇ ಬಗೆಯುತ್ತಾರೆ. ಹಿಮದ ದೃಶ್ಯವಾದರೆ ಅವರ ಬಟ್ಟೆ ಬಿಳಿ, ಕಡಲಿನದ್ದಾದರೆ ನೀಲಿ. ನಮ್ಮ ಹವ್ಯಾಸಿ ನಿರ್ದೇಶಕರು ಈ ದಾರಿಯನ್ನು ಇನ್ನಷ್ಟು ಬಳಸಬೇಕು. ಬೆಳಕಿನಲ್ಲೇ, ಸಂಗೀತದ ಲಯಕ್ಕೆ, ನಟರೇ ಕುರ್ಚಿ ಸರಿಸಿದರೆ ನಾಟಕ ನಿಲ್ಲುವುದೇ ಇಲ್ಲ. ಎಲ್ಲ ನಾಟಕಕ್ಕೂ ಅದು ಒಗ್ಗುವುದಿಲ್ಲ, ನಿಜ. ಆದರೆ ಹನ್ನೊಂದು ಬ್ಲ್ಯಾಕೌಟ್ ಇರುವ ಒಂದೂವರೆ ಗಂಟೆಯ ನಾಟಕ ನೋಡುವಾಗ, ಅದರಲ್ಲಿ ಎಂಟನ್ನು ಯೋಚಿಸದೆಯೇ ಬರೆದಿದ್ದಾರೆ ಎಂದು ನನಗೆ ಖಾತ್ರಿ.

ಹೊರುವ ಕೆಲಸ ಕೀಳು ಎಂಬ ಭಾವನೆ ಹವ್ಯಾಸಿಗಳಿಗೆ ಎಲ್ಲಿಂದ ಬಂತೋ. 1887ರಲ್ಲಿ ಪ್ಯಾರಿಸ್‌ನಲ್ಲಿ ತೆಯಾತ್ರ್ ಲೀಬ್ರ್ ಎಂಬ ನಾಟಕ ತಂಡ ಶುರುಮಾಡಿದ ಆಂದ್ರೆ ಆಂತ್ವಾನ್ ಗ್ಯಾಸ್ ಕಂಪನಿಯ ಗುಮಾಸ್ತ, ಜೊತೆಗಿದ್ದವರು ಹವ್ಯಾಸಿಗಳು. ಮೊದಲ ಪ್ರದರ್ಶನಕ್ಕೆ ತಾಯಿಯ ಮನೆಯ ಮೇಜು ಕುರ್ಚಿಗಳನ್ನು ಕೈಗಾಡಿಯಲ್ಲಿ ತಾನೇ ತಳ್ಳಿಕೊಂಡು ಬಂದವನು ಆತ. ಯುರೋಪಿನ ರಂಗಭೂಮಿಯ ದಿಕ್ಕು ಬದಲಿಸಿದವರಲ್ಲಿ ಅವನೊಬ್ಬ.

ಬದಲಾವಣೆ ಮುಗಿದದ್ದು ಆಪರೇಟರ್‌ಗೆ ಹೇಗೆ ತಿಳಿಯಬೇಕು? ಹೆಚ್ಚಿನ ತಂಡಗಳು ಎಣಿಕೆಗೆ ಬಿಡುತ್ತವೆ: ಸಂಗೀತ ಮುಗಿಯಿತು, ದೀಪ ಹಾಕು. ಅಂದು ಕಾಲು ತಡವರಿಸಿದವರು ಮೇಜಿನ ಪಕ್ಕ ಎಲ್ಲರ ಕಣ್ಣೆದುರು ಸಿಕ್ಕಿಬೀಳುತ್ತಾರೆ. ಕೊನೆಯದಾಗಿ ಹೊರಬರುವವರು ಯಾರು ಎಂದು ಮೊದಲೇ ಗೊತ್ತುಮಾಡಿ, ಅವರು ನೀಲಿ ಹಾಳೆ ಸುತ್ತಿದ ಟಾರ್ಚನ್ನು ವಿಂಗ್‌ನೊಳಗಿಂದ ಒಮ್ಮೆ ಮಿನುಗಿಸಿದ ಮೇಲಷ್ಟೇ ದೀಪ ಏರಬೇಕು. ಸಂಗೀತವೂ ಹಿಗ್ಗಿಸಲು ಬರುವಂತಿರಬೇಕು. ಅಷ್ಟಾದರೂ ಯಾರಾದರೂ ಸಿಕ್ಕಿಬಿದ್ದರೆ ಓಡಬಾರದು. ಮೇಜು ಸರಿಮಾಡಿ ಮನೆಯವರಂತೆ ನಡೆದು ಹೋದರೆ ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ.

ಪರಿಕರಗಳ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಲೋಟ, ಪತ್ರ, ಕನ್ನಡಕ ಎಲ್ಲದರ ಸುತ್ತ ಗೆರೆ ಎಳೆದಿಡುತ್ತಾರೆ ನಮ್ಮ ಹಿರಿಯರು. ಖಾಲಿ ಗೆರೆ ಕಂಡರೆ ಏನು ಕಾಣೆಯಾಗಿದೆ ಎಂದು ಹುಡುಕಬೇಕಿಲ್ಲ. ಸದ್ದಾಗದಂತೆ ತಟ್ಟೆಯ ಮೇಲೆ ಬಟ್ಟೆ ಹಾಸಿರುತ್ತದೆ, ಚೆಲ್ಲದಂತೆ ಲೋಟದಲ್ಲಿ ನೀರು ಮೂರನೇ ಒಂದು ಪಾಲು ಮಾತ್ರ.

ಎರಡನೇ ಬದಲಾವಣೆ ಕೊನೆಗೆ ಹದಿನಾಲ್ಕು ಸೆಕೆಂಡಿಗೆ ಬಂತು. ಎಲ್ಲರಿಗೂ ಸಂತೋಷ. ನನಗೆ ಹೆದರಿಕೆಯಾದದ್ದು ಆಗಲೇ. ಇದರ ಒಂದು ಸಾಲೂ ಕಾಗದದಲ್ಲಿಲ್ಲ, ಎಲ್ಲ ಅವರ ತಲೆಯಲ್ಲಿದೆ. ನಟನಿಗೆ ಜ್ವರ ಬಂದರೆ ನಾಟಕದ ಪ್ರತಿ ನೋಡಿ ಇನ್ನೊಬ್ಬ ನಿಲ್ಲಬಹುದು. ಅವರಿಗೆ ಜ್ವರ ಬಂದರೆ? ಪ್ರತಿ ಬದಲಾವಣೆಗೂ ಒಂದು ಹಾಳೆ ಬೇಕು: ಯಾರು, ಯಾವ ವಿಂಗ್‌ನಿಂದ, ಏನು ಒಳಗೆ, ಏನು ಹೊರಗೆ, ಯಾವ ಬಣ್ಣದ ಗುರುತು, ಕೊನೆಯವರು ಯಾರು, ಎಷ್ಟು ಸೆಕೆಂಡು. ಎರಡೂ ವಿಂಗ್‌ನಲ್ಲಿ ದಪ್ಪಕ್ಷರದ ಪ್ರತಿ, ಆಪರೇಟರ್ ಬಳಿ ಇನ್ನೊಂದು. ಮುಂದಿನ ತಾಲೀಮಿನ ಮೊದಲ ಗಂಟೆ ಸಂಭಾಷಣೆಗೆ ಬೇಡ, ಅವರು ಹೇಳುತ್ತಾ ಹೋಗಲಿ, ಒಬ್ಬರು ಬರೆದುಕೊಳ್ಳಲಿ ಎಂದು ನಿರ್ದೇಶಕರಿಗೆ ಹೇಳಿದ್ದೇನೆ. ಅರ್ಧ ಗಂಟೆ ಕೊಡೋಣ ಅಂದಿದ್ದಾರೆ. ಏಳು ಬದಲಾವಣೆಗೆ ಅರ್ಧ ಗಂಟೆ ಸಾಲದು.